ಬಾಯಲ್ಲಿ ಎಲ್ಲ ಹೇಳ್ತಾನೆ, ಪುಸ್ತಕ ಕೊಟ್ಟರೆ ಓದಲ್ಲ – ಮೂರನೇ ಕ್ಲಾಸಿನ ಮಗನಿಗೆ ಡಿಸ್ಲೆಕ್ಸಿಯಾ (ಓದಿನ ತೊಡಕು) ಇರಬಹುದಾ?

ತಿಪಟೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಎಂಟು ವರ್ಷ ತುಂಬಿದೆ, ಇಂಗ್ಲಿಷ್ ಮೀಡಿಯಂನಲ್ಲಿ ಮೂರನೇ ಕ್ಲಾಸು. ಮನೆಯಲ್ಲಿ ಪೂರ್ತಿ ಕನ್ನಡವೇ. ಮಾತು ಬಹಳ ಚುರುಕು. ಅವರಪ್ಪನ ಜೊತೆ ಎಪಿಎಂಸಿಗೆ ಹೋಗಿ ಬಂದರೆ ಕೊಬ್ಬರಿ ಕ್ವಿಂಟಲ್‌ಗೆ ಎಷ್ಟಕ್ಕೆ ಹೋಯಿತು, ಹೋದ ವಾರಕ್ಕಿಂತ ಎಷ್ಟು ಇಳಿಯಿತು ಅಂತ ಅಜ್ಜಿಗೆ ವರದಿ ಒಪ್ಪಿಸುತ್ತಾನೆ. ಕಥೆ ಒಂದು ಸಲ ಕೇಳಿದರೆ ಸಾಕು, ಊರು ಹೆಸರು ಸಮೇತ ವಾಪಸ್ ಹೇಳುತ್ತಾನೆ.

ಪುಸ್ತಕ ತೆಗೆದರೆ ಮಾತ್ರ ಬೇರೆ ಹುಡುಗನೇ ಆಗಿಬಿಡುತ್ತಾನೆ. ಕನ್ನಡದಲ್ಲಿ ‘ಬಾಳೆ’ ಇದ್ದರೆ ‘ಬಳೆ’ ಅನ್ನುತ್ತಾನೆ. ‘ಮನೆ’ಯನ್ನು ‘ವನೆ’ ಅಂತ ಓದಿ, ಅರ್ಥ ಆಗದೆ ನನ್ನ ಮುಖ ನೋಡುತ್ತಾನೆ. ಒತ್ತಕ್ಷರ ಬಂದ ಕಡೆ ನಿಂತೇಬಿಡುತ್ತಾನೆ. ಇಂಗ್ಲಿಷಿನ ಬಿ, ಡಿ ಇನ್ನೂ ಅದಲುಬದಲು. ಬೋರ್ಡಿನ ಮೇಲಿನದ್ದು ಅರ್ಧ ಬರೆದುಕೊಳ್ಳುವಷ್ಟರಲ್ಲಿ ಒರೆಸಿಬಿಟ್ಟಿರುತ್ತಾರೆ. ಲೆಕ್ಕವನ್ನು ನಾನು ಓದಿ ಹೇಳಿದರೆ ತಕ್ಷಣ ಉತ್ತರ ಬರುತ್ತೆ, ಅವನೇ ಓದಿಕೊಂಡು ಮಾಡು ಅಂದರೆ ಆಗಲ್ಲ.

ಡೈರಿಯಲ್ಲಿ ಯಾವಾಗಲೂ ಒಂದೇ: ‘ಗಮನ ಕೊಡುವುದಿಲ್ಲ, ತಪ್ಪಾದ ಪದಗಳನ್ನು ಹತ್ತು ಸಲ ಬರೆಸಿ.’ ಬರೆಸುತ್ತಿದ್ದೇನೆ. ಹತ್ತನೇ ಸಲಕ್ಕೆ ಪದ ಇನ್ನೂ ಕೆಟ್ಟಿರುತ್ತದೆ. ಈಗೀಗ ಬೆಳಿಗ್ಗೆ ಎದ್ದರೆ ಹೊಟ್ಟೆನೋವು ಅನ್ನುತ್ತಾನೆ. ಭಾನುವಾರ ನೋವು ಇರುವುದಿಲ್ಲ.

ಅತ್ತೆ ‘ಅವರಪ್ಪನೂ ಹೀಗೇ ಇದ್ದ, ಹೋಗ್ತಾ ಹೋಗ್ತಾ ಸರಿಹೋಗುತ್ತೆ, ಸುಮ್ಮನಿರು’ ಅನ್ನುತ್ತಾರೆ. ಯಾರೋ ಒಬ್ಬರು ಬಣ್ಣದ ಗಾಜಿನ ಕನ್ನಡಕ, ಕಣ್ಣಿನ ವ್ಯಾಯಾಮ ಅಂತ ಒಂದು ಪ್ಯಾಕೇಜ್ ಹೇಳಿದರು, ದುಡ್ಡು ಬಹಳ. ಇನ್ನೊಬ್ಬರು ಕನ್ನಡ ಮೀಡಿಯಂಗೆ ಹಾಕಿ ಅಂದರು. ಇದು ಡಿಸ್ಲೆಕ್ಸಿಯಾನೇನಾ? ಎಲ್ಲಿ ತೋರಿಸಬೇಕು? ಸರ್ಟಿಫಿಕೇಟ್ ಮಾಡಿಸಿದರೆ ಅಂಗವಿಕಲ ಅಂತ ಜೀವನಪೂರ್ತಿ ಹೆಸರು ಉಳಿದುಬಿಡುತ್ತಾ ಅಂತ ನಮ್ಮ ಯಜಮಾನರಿಗೆ ಭಯ. ಅನುಭವ ಇರುವವರು ದಯವಿಟ್ಟು ಹೇಳಿ.

ಸರಸ್ವತಿಪುರಂ ಟೀಚರ್

ಇವತ್ತಿನಿಂದಲೇ ಆ ಹತ್ತು ಸಲ ಬರೆಸುವುದನ್ನು ನಿಲ್ಲಿಸಿ. ಉಳಿದದ್ದೆಲ್ಲ ಆಮೇಲೆ.

ನಾನು ಮೈಸೂರಿನಲ್ಲಿ ವಿಶೇಷ ಶಿಕ್ಷಕಿ. ಅದಕ್ಕೂ ಮೊದಲು ಹುಣಸೂರು ಕಡೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ನಿಮ್ಮ ಮಗನಂಥ ಮಕ್ಕಳು ದಿನವೂ ನನ್ನ ಮುಂದೆ ಕೂರುತ್ತಾರೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಪದದೊಳಗಿನ ಸದ್ದು ಯಾವುದು, ಆ ಸದ್ದಿಗೆ ಯಾವ ಗುರುತು ಎಂಬ ನಂಟು ಬೆಸೆಯದ ಮಗುವಿಗೆ ಹತ್ತು ಸಲ ಬರೆಯುವುದು ಓದು ಅಲ್ಲವೇ ಅಲ್ಲ, ಬರೀ ಚಿತ್ರ ಬಿಡಿಸುವುದು. ಕೈ ಸೋಲುತ್ತದೆ, ಚಿತ್ರ ಕೆಡುತ್ತದೆ, ಕೆಟ್ಟ ಚಿತ್ರವೇ ತಲೆಯಲ್ಲಿ ಕೂರುತ್ತದೆ. ನೀವೇ ಗಮನಿಸಿದ್ದೀರಲ್ಲ, ಹತ್ತನೇ ಸಲಕ್ಕೆ ಇನ್ನೂ ಕೆಟ್ಟಿರುತ್ತದೆ ಎಂದು.

ಡಿಸ್ಲೆಕ್ಸಿಯಾ ಹೌದೋ ಅಲ್ಲವೋ ಎಂದು ನಾಲ್ಕು ಸಾಲು ಓದಿ ಯಾರೂ ಹೇಳಬಾರದು. ಆದರೆ ಪರೀಕ್ಷೆ ಮಾಡಿಸಲೇಬೇಕು ಎನ್ನುವಷ್ಟು ಸೂಚನೆ ನಿಮ್ಮ ಬರಹದಲ್ಲಿದೆ. ನಿಮ್ಮ ಅತ್ತೆ ಹೇಳಿದ ಮಾತು ತುಂಬಾ ಮುಖ್ಯ, ವೈದ್ಯರಿಗೆ ಅದನ್ನು ಹೇಳಲು ಮರೆಯಬೇಡಿ. ಇದು ವಂಶದಲ್ಲಿ ಹರಿದುಬರುತ್ತದೆ. ಅಪ್ಪನಿಗೋ ಅಮ್ಮನಿಗೋ ಓದು ಕಷ್ಟವಾಗಿದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ‘ಸರಿಹೋಗುತ್ತೆ’ ಎಂಬ ಭಾಗವನ್ನು ಮಾತ್ರ ನಾನು ಒಪ್ಪುವುದಿಲ್ಲ. ತಾನಾಗಿ ಸರಿಹೋಗುವುದಿಲ್ಲ. ಕಲಿಸಿದರೆ ಓದು ಬರುತ್ತದೆ, ಬಹುಶಃ ನಿಧಾನವಾಗಿಯೇ ಇರುತ್ತದೆ, ಆದರೆ ಬರುತ್ತದೆ.

ಸೋಮಾರಿ, ಗಮನವಿಲ್ಲ ಎನ್ನುವುದು ಹಳೆಯ ರೋದನೆ. 1896ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಪ್ರಿಂಗಲ್ ಮಾರ್ಗನ್ ಎಂಬವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದರು. ಜಾಣ ಹುಡುಗ, ಆಟದಲ್ಲಿ ಮುಂದೆ, ಓದು ಮಾತ್ರ ಹತ್ತಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಯಲ್ಲಿ ಇವನಷ್ಟು ಚುರುಕು ಯಾರೂ ಇರುತ್ತಿರಲಿಲ್ಲ ಎಂದು ಅವನ ಮೇಷ್ಟ್ರೇ ಹೇಳಿದ್ದರು. ಅವನು ತನ್ನ ಹೆಸರನ್ನೇ ‘ಪ್ರೆಸಿ’ ಎಂದು ಬರೆದಿದ್ದ. ನಮ್ಮ ಮಕ್ಕಳು ‘ಸೂರ್ಯ’ ಬರೆಯಲು ಹೋಗಿ ‘ಸೂಯ್ರ’ ಮಾಡುತ್ತಾರೆ. ಇಲ್ಲೂ ಅಲ್ಲೂ ಅದೇ ರಕಾರ ಜಾಗ ತಪ್ಪಿದೆ.

ಅಕ್ಷರಗಳು ಕುಣಿಯುತ್ತವೆ, ತಲೆಕೆಳಗಾಗಿ ಕಾಣುತ್ತವೆ ಎಂದು ಜನ ತಿಳಿದಿದ್ದಾರೆ. ಹಾಗಾಗಿಯೇ ಕಣ್ಣಿಗೆ ಚಿಕಿತ್ಸೆ ಮಾರುವವರು ಹುಟ್ಟಿಕೊಂಡಿದ್ದಾರೆ. ಹೆಚ್ಚಿನ ಮಕ್ಕಳಲ್ಲಿ ತೊಡಕು ಇರುವುದು ಕಣ್ಣಿನಲ್ಲಲ್ಲ, ಮಾತಿನ ಸದ್ದನ್ನು ಬಿಡಿಸಿ ನೋಡುವ ಮಿದುಳಿನ ಕೆಲಸದಲ್ಲಿ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ನೇತ್ರತಜ್ಞರ ಸಂಘಗಳೂ ಸೇರಿ 2009ರಲ್ಲೇ ಹೇಳಿಕೆ ಕೊಟ್ಟಿವೆ: ಕಣ್ಣಿನ ವ್ಯಾಯಾಮ, ಬಣ್ಣದ ಗಾಜುಗಳಿಂದ ಓದಿನ ತೊಂದರೆ ಹೋಗುತ್ತದೆ ಎನ್ನಲು ಆಧಾರವಿಲ್ಲ ಎಂದು. ಆ ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ. ಕಣ್ಣಿನ ಸಾಧಾರಣ ಪರೀಕ್ಷೆ, ಕಿವಿಯ ಪರೀಕ್ಷೆ ಮಾತ್ರ ಖಂಡಿತ ಮಾಡಿಸಿ. ಚಿಕ್ಕಂದಿನಲ್ಲಿ ಪದೇ ಪದೇ ಕಿವಿ ಸೋರುತ್ತಿದ್ದ ಮಕ್ಕಳಿಗೆ ಬ–ಭ, ದ–ತ ಸದ್ದುಗಳು ಸ್ಪಷ್ಟವಾಗಿ ಕೇಳಿಸದೇ ಇದ್ದಿರಬಹುದು.

ಇನ್ನೊಂದು ವಿಷಯವನ್ನು ನೀವೇ ಮನೆಯಲ್ಲಿ ನೋಡಬಹುದು. ಅವನ ಪುಸ್ತಕದ ಒಂದು ಕನ್ನಡ ಪಾಠವನ್ನು ನೀವು ಓದಿ ಹೇಳಿ, ಪ್ರಶ್ನೆ ಕೇಳಿ. ಕೇಳಿದ್ದು ಅರ್ಥವಾಗಿ ಓದಿದ್ದು ಮಾತ್ರ ಆಗದಿದ್ದರೆ ಗಂಟು ಇರುವುದು ಅಕ್ಷರದಲ್ಲಿ. ಕೇಳಿದರೂ ಅರ್ಥವಾಗುವುದಿಲ್ಲ, ವಾಕ್ಯ ತುಂಡುತುಂಡಾಗುತ್ತದೆ, ಹೇಳಬೇಕಾದ ಪದ ಸಿಗದೆ ‘ಅದು, ಇದು’ ಎನ್ನುತ್ತಾನೆ ಎಂದರೆ ಭಾಷೆಯಲ್ಲೇ ತೊಡಕಿದೆ. ಅಂಥ ಮಗುವಿಗೆ ಅಕ್ಷರ ಕಲಿಸಿದರಷ್ಟೇ ಸಾಲದು, ವಾಕ್ ಮತ್ತು ಭಾಷಾ ತಜ್ಞರ ಸಹಾಯ ಬೇಕೇ ಬೇಕು. ಕೆಲವರಲ್ಲಿ ಎರಡೂ ಇರುತ್ತದೆ. ನಿಮ್ಮ ಮಗ ಕಥೆಯನ್ನು ವಾಪಸ್ ಹೇಳುತ್ತಾನೆ ಎಂದಿದ್ದೀರಿ, ಅದು ಒಳ್ಳೆಯ ಸೂಚನೆ.

ಕನ್ನಡದಲ್ಲಿ ಈ ತೊಂದರೆ ಬಹಳ ದಿನ ಅಡಗಿಕೊಂಡಿರುತ್ತದೆ. ನಮ್ಮಲ್ಲಿ ಬರೆದಂತೆ ಓದಬಹುದು, ಹಾಗಾಗಿ ಮಕ್ಕಳು ಹೇಗೋ ಅಕ್ಷರ ಕೂಡಿಸಿಕೊಂಡು ದಡ ಸೇರುತ್ತಾರೆ. ತಪ್ಪಿಗಿಂತ ಹೆಚ್ಚಾಗಿ ನಿಧಾನದಲ್ಲಿ ಗೊತ್ತಾಗುತ್ತದೆ. ಇನ್ನು ಕೆಲವರು ಪಾಠವನ್ನೇ ಬಾಯಿಪಾಠ ಮಾಡಿಬಿಡುತ್ತಾರೆ. ನನ್ನ ಹತ್ತಿರ ಬಂದಿದ್ದ ಒಬ್ಬಳು ಪುಟ್ಟ ಹುಡುಗಿಯ ಬೆರಳು ಎರಡನೇ ಸಾಲಿನಲ್ಲಿದ್ದರೆ ಬಾಯಿ ನಾಲ್ಕನೇ ಸಾಲಿಗೆ ಹೋಗಿರುತ್ತಿತ್ತು. ಎರಡನೇ ಕ್ಲಾಸಿನವರೆಗೆ ಯಾರಿಗೂ ಅನುಮಾನ ಬಂದಿರಲಿಲ್ಲ. ಮೂರನೇ ಕ್ಲಾಸಿಗೆ ಪಾಠ ಉದ್ದವಾಗುತ್ತದೆ, ಬಾಯಿಪಾಠ ಸೋಲುತ್ತದೆ, ಆಗ ಬಯಲಾಗುತ್ತದೆ.

ಅಂದಹಾಗೆ, ಎಲ್ಲ ಮಕ್ಕಳಿಗೂ ಕನ್ನಡದ ಅಕ್ಷರ ಕಲಿಯಲು ಸಮಯ ಬೇಕು. 34 ವ್ಯಂಜನಗಳಿಗೆ ಕಾಗುಣಿತ ಸೇರಿಸಿದರೇ ನಾನೂರು ದಾಟುತ್ತದೆ, ಒತ್ತಕ್ಷರ ಬೇರೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳ ಮೇಲೆ ಹಿಡಿತ ಬರುವುದು ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಎಂದು ತೋರಿಸಿದರು. ಒಂದನೇ ಕ್ಲಾಸಿಗೇ ಎಲ್ಲ ಬರಬೇಕೆಂದು ಹಟ ಹಿಡಿಯುವ ಶಾಲೆಗಳು ಇದನ್ನು ತಿಳಿದುಕೊಂಡರೆ ಎಷ್ಟೋ ಮಕ್ಕಳ ಕಣ್ಣೀರು ಉಳಿಯುತ್ತದೆ. ನಿಮ್ಮ ಮಗನದ್ದು ಈ ಸಹಜ ನಿಧಾನಕ್ಕಿಂತ ಹೆಚ್ಚಿನದು ಅನ್ನಿಸುತ್ತದೆ.

ಮನೆಯಲ್ಲಿ ಏನು ಮಾಡಬಹುದು ಹೇಳುತ್ತೇನೆ. ದಿನಕ್ಕೆ ಇಪ್ಪತ್ತು ನಿಮಿಷ, ಅದಕ್ಕಿಂತ ಹೆಚ್ಚು ಬೇಡ.

ಮೊದಲ ಕೆಲಸ ಕಿವಿಗೆ, ಕಾಗದ ಪೆನ್ಸಿಲ್ ಇಲ್ಲದೆ. ಅಡುಗೆ ಮಾಡುತ್ತಾ ಆಡಿಸಬಹುದು. ‘ಕಮಲ’ದಲ್ಲಿ ‘ಕ’ ತೆಗೆದರೆ ಏನು ಉಳಿಯಿತು? ‘ಗರಗಸ’ದ ಕೊನೆಯಲ್ಲಿ ಯಾವ ಸದ್ದು? ಇದು ಸಲೀಸಾದ ಮೇಲೆ ಹ್ರಸ್ವ–ದೀರ್ಘ. ಬಳೆ–ಬಾಳೆ, ಬಿಡಿ–ಬೀಡಿ, ಕೊಡು–ಕೋಡು, ಮರ–ಮಾರ. ನೀವು ಹೇಳಿ, ಅವನು ಉದ್ದವಾದರೆ ಕೈ ಅಗಲಿಸಲಿ, ಚಿಕ್ಕದಾದರೆ ಚಿಟಿಕೆ ಹೊಡೆಯಲಿ. ಕಿವಿಗೆ ವ್ಯತ್ಯಾಸ ಗೊತ್ತಾಗದೆ ‘ಇಳಿ ಎಲ್ಲಿ ಬಿಟ್ಟೆ’ ಎಂದು ಬೈದರೆ ಪ್ರಯೋಜನವಿಲ್ಲ. ಅವನಿಗೆ ಅಲ್ಲಿ ಇಳಿ ಬೇಕೆಂದೇ ಕೇಳಿಸಿಲ್ಲ.

ಆಮೇಲೆ ಅಕ್ಷರ. ‘ಅ’ದಿಂದ ‘ಳ’ವರೆಗೆ ವರ್ಣಮಾಲೆಯ ಸಾಲಿನಲ್ಲಿ ಹೋಗಬೇಡಿ. ಒಂದೇ ರೀತಿ ಕಾಣುವುದನ್ನು ಒಂದೇ ವಾರ ಕಲಿಸಬೇಡಿ. ಮ–ವ, ಪ–ಷ–ಫ, ಬ–ಭ, ದ–ಧ ಇವೆಲ್ಲ ಜೊತೆಗೆ ಬಂದರೆ ಗೊಂದಲ ಖಚಿತ. ಮೊದಲು ‘ಮ’ ಗಟ್ಟಿಯಾಗಲಿ: ತಟ್ಟೆಯಲ್ಲಿ ರವೆ ಹರಡಿ, ಬೆರಳಿನಿಂದ ದೊಡ್ಡದಾಗಿ ಬರೆಯುತ್ತಾ ಬಾಯಲ್ಲಿ ‘ಮ’ ಎನ್ನಲಿ. ಕಣ್ಣು, ಕಿವಿ, ಬಾಯಿ, ಬೆರಳು ಒಟ್ಟಿಗೆ ಕೆಲಸ ಮಾಡಬೇಕು. ಆರ್ಟನ್ ಮತ್ತು ಗಿಲ್ಲಿಂಗ್‌ಹ್ಯಾಮ್ ಎಂಬವರು 1930ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದ ಕ್ರಮದ ತಿರುಳೂ ಇದೇ: ಸದ್ದು ಮತ್ತು ಗುರುತಿನ ನಂಟನ್ನು ಬಿಡಿಸಿ ಹೇಳಿಕೊಡುವುದು, ಒಂದು ಗಟ್ಟಿಯಾದ ಮೇಲೆ ಇನ್ನೊಂದು. ‘ಮ’ ಯೋಚಿಸದೆ ಬಂದ ಮೇಲೆಯೇ ‘ವ’.

ಕಾಗುಣಿತವನ್ನು ‘ಕ ಕಾ ಕಿ ಕೀ’ ಎಂದು ಹಾಡಿಸುವುದು ಸಾಲದು. ಹಾಡು ಬರುತ್ತದೆ, ನಡುವೆ ‘ಕೂ’ ತೋರಿಸಿದರೆ ಮೊದಲಿನಿಂದ ಹಾಡಿಕೊಂಡು ಬರಬೇಕಾಗುತ್ತದೆ. ಒಂದು ಗುರುತು ಹಿಡಿಯಿರಿ, ಗುಡಿಸು ಎನ್ನಿ. ಅದು ಕ, ಗ, ಮ, ಸ ಎಲ್ಲದಕ್ಕೂ ಕೂತಾಗ ಏನು ಮಾಡುತ್ತದೆ ಎಂದು ತೋರಿಸಿ: ಕಿ, ಗಿ, ಮಿ, ಸಿ. ಮುಂದಿನ ವಾರ ಕೊಂಬು. ಒತ್ತಕ್ಷರದಲ್ಲಿ ಅಪ್ಪ, ಅಕ್ಕ, ಹಬ್ಬ ಮೊದಲು, ಏಕೆಂದರೆ ಅಲ್ಲಿ ಒತ್ತಿನ ರೂಪ ಅಕ್ಷರವನ್ನು ಹೋಲುತ್ತದೆ. ತ, ನ, ಮ, ಯ, ರ, ಲ ಒತ್ತುಗಳು ಮೂಲ ಅಕ್ಷರದ ಹಾಗೆ ಕಾಣುವುದೇ ಇಲ್ಲ, ಅವನ್ನು ಹೊಸ ಗುರುತುಗಳೆಂದೇ ಕಲಿಸಬೇಕು. ‘ಅಮ್ಮ’ ನಮಗೆ ಸುಲಭ, ಅವನಿಗೆ ಅಲ್ಲ. ಎಲ್ಲಕ್ಕಿಂತ ಕೊನೆಗೆ ಅರ್ಕಾವೊತ್ತು. ಅದರ ‘ರ್’ ಸದ್ದು ಬಾಯಲ್ಲಿ ಮೊದಲು ಬರುತ್ತದೆ, ಗುರುತನ್ನು ಬರೆಯುವುದು ಮಾತ್ರ ಮುಂದಿನ ಅಕ್ಷರದ ಆಮೇಲೆ. ಸದ್ದಿನ ಸಾಲೇ ಗಟ್ಟಿಯಿಲ್ಲದ ಮಗುವಿಗೆ ಅದಕ್ಕಿಂತ ಕಷ್ಟದ್ದು ಕನ್ನಡದಲ್ಲಿ ಇನ್ನೊಂದಿಲ್ಲ.

ಇದೆಲ್ಲ ನಡೆಯುವಾಗ ಅವನ ಜ್ಞಾನ ಹಸಿದಿರಬಾರದು. ಪರಿಸರ, ವಿಜ್ಞಾನ, ಕಥೆ ಎಲ್ಲವನ್ನೂ ನೀವು ಓದಿ ಹೇಳಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿವೆ, ಹಂತಹಂತವಾಗಿ ಜೋಡಿಸಿದ್ದಾರೆ. ಅವನಿಗೆ ಒಂದನೇ ಹಂತದ್ದು ಓದಲು, ನಾಲ್ಕನೇ ಹಂತದ್ದು ಕೇಳಲು.

ತೋರಿಸುವುದಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಬನ್ನಿ. 1965ರಿಂದ ಇದೆ, ಕೇಂದ್ರ ಸರ್ಕಾರದ್ದು, ಕಿವಿ, ಮಾತು, ಭಾಷೆ, ಮನಶ್ಶಾಸ್ತ್ರ ಎಲ್ಲವೂ ಒಂದೇ ಆವರಣದಲ್ಲಿ ನೋಡುತ್ತಾರೆ. ನಿಮಗೆ ಅರಸೀಕೆರೆ–ಹಾಸನದ ಮೇಲೆ ರೈಲಿದೆ. ಬೆಂಗಳೂರು ಅನುಕೂಲವಾದರೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗ. ಅದಕ್ಕೂ ಮೊದಲು ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಕಲಿಕೆಯ ತೊಂದರೆಯೂ ಸೇರಿದೆ.

ಹುಬ್ಬಳ್ಳಿ ರಿವೈಂಡಿಂಗ್

ಅಕ್ಕಾರ, ಇದನ್ನ ನಾ ಬಾಯಿಲೆ ಹೇಳಾಕತ್ತೇನಿ, ಮೊಬೈಲ್ ಬರಕೊಳ್ಳಾಕತ್ತೈತಿ. ಏನರ ತಪ್ಪಿದ್ರ ಹೊಂದಿಸ್ಕೊರ್ರಿ. ಹುಬ್ಬಳ್ಳ್ಯಾಗ ನಂದು ಮೋಟಾರ್ ರಿವೈಂಡಿಂಗ್ ಅಂಗಡಿ ಐತಿ, ನಾಕು ಹುಡುಗ್ರು ಕೆಲಸಕ್ಕ ಅದಾರ.

ನಿಮ್ಮ ಮಗನ ವಿಷಯ ಕೇಳಿ ಸುಮ್ನ ಕುಂದ್ರಾಕ ಆಗ್ಲಿಲ್ಲ. ನಾನೂ ಹಂಗ ಇದ್ದೆ. ಸಾಲ್ಯಾಗ ಎದ್ದು ನಿಂತು ಓದು ಅಂದ್ರ ಎದಿ ಒಡೀತಿತ್ತು. ಮುಂದಿನ ಹುಡುಗ ಓದೂದನ್ನ ಕೇಳಿ, ನನ್ನ ಪಾಳಿ ಯಾವ ಸಾಲಿಗೆ ಬರತೈತಿ ಅಂತ ಲೆಕ್ಕ ಹಾಕಿ, ಬಾಜೂಕ ಕುಂತಾವನ ಕಡೆ ಕೇಳಿ ಆ ಸಾಲು ಬಾಯಿಪಾಠ ಮಾಡತಿದ್ದೆ. ಏಳನೇತ್ತಿನ್ಯಾಗ ಒಬ್ಬರು ಗುರುಗಳು ಬಂದ್ರು. ‘ನೀ ಓದಬ್ಯಾಡ, ನಾ ಕೇಳತೇನಿ, ನೀ ಹೇಳು’ ಅಂದ್ರು. ವಿಜ್ಞಾನದಾಗ ಆ ವರ್ಷ ಕ್ಲಾಸಿಗೇ ಮ್ಯಾಲ ಬಂದೆ. ಅವರು ಇರಲಿಲ್ಲ ಅಂದ್ರ ನಾ ಐಟಿಐ ಮೆಟ್ಟಿಲ ಹತ್ತತಿರಲಿಲ್ಲ.

ಈಗೂ ಓದಾಕ ಹೊತ್ತು ಹಿಡೀತೈತಿ. ಗಿರಾಕಿಗಳಿಗೆ ವಾಯ್ಸ್ ಮೆಸೇಜ್ ಕಳಸ್ತೇನಿ. ಬಿಲ್ ಮಗಳು ಬರೀತಾಳ. ಆದ್ರ ಸುಟ್ಟ ಮೋಟಾರ್ ಬಿಚ್ಚಿದ್ರ ಎಷ್ಟು ಸುತ್ತು, ಯಾವ ಗೇಜಿನ ತಂತಿ ಅಂತ ಒಮ್ಮೆ ನೋಡಿದ್ರ ಸಾಕು. ನಿಮ್ಮ ಯಜಮಾನ್ರಿಗೂ ಸಣ್ಣಾವರಿದ್ದಾಗ ಹಿಂಗ ಇತ್ತು ಅಂದ್ರಲ್ಲ, ಅದನ್ನ ಅವರು ಮಗನ ಮುಂದ ಬಿಚ್ಚಿ ಹೇಳ್ಲಿ. ನಾ ಒಬ್ಬನ ಹಿಂಗ ಅದೇನಿ ಅಂತ ತಿಳಕೊಂಡು ಬೆಳಿಯೂದು ಭಾಳ ಕಷ್ಟ ಐತ್ರಿ. ನನಗ ಅದನ್ನ ಹೇಳಾವರು ಯಾರೂ ಇರಲಿಲ್ಲ.

ವಿಜಯನಗರದ ಅಪ್ಪ

ನನ್ನ ಮಗಳು ಈಗ ಪಿಯುಸಿ, ಅವಳಿಗೆ ಡಿಸ್ಲೆಕ್ಸಿಯಾ ಇದೆ. ಸರ್ಟಿಫಿಕೇಟ್ ಬಗ್ಗೆ ಮಾತ್ರ ಹೇಳುತ್ತೇನೆ, ಅಲ್ಲೇ ಹೆಚ್ಚು ಗೊಂದಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಅಂದರೆ ಆರ್‌ಪಿಡಬ್ಲ್ಯುಡಿ ಕಾಯ್ದೆ, 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರ 21 ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಒಂದು. ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾ (ಬರೆಯುವ ತೊಡಕು), ಡಿಸ್‌ಕ್ಯಾಲ್ಕುಲಿಯಾ (ಲೆಕ್ಕದ ತೊಡಕು) ಅದರೊಳಗೆ ಬರುತ್ತವೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇಷ್ಟನ್ನೂ 17ನೇ ಸೆಕ್ಷನ್‌ನಲ್ಲಿ ಬರೆದಿದ್ದಾರೆ. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ಅವರಿಗೆ ತಕ್ಕಂತೆ ಕಲಿಸಬೇಕು ಅಂತ 16ನೇ ಸೆಕ್ಷನ್ ಶಾಲೆಗೇ ಹೊಣೆ ಹೊರಿಸುತ್ತದೆ. ಶಾಲೆಯವರ ಮುಂದೆ ಈ ಎರಡು ನಂಬರ್ ಹೇಳಿ, ಮಾತಿನ ಧಾಟಿಯೇ ಬದಲಾಗುತ್ತದೆ.

2018ರ ಕೇಂದ್ರದ ಮಾರ್ಗಸೂಚಿಯಲ್ಲಿ ಎಂಟು ವರ್ಷ ತುಂಬಿದ ಮೇಲೆಯೇ ಪ್ರಮಾಣಪತ್ರ, 14ಕ್ಕೆ ಮತ್ತು 18ಕ್ಕೆ ಮತ್ತೆ ಪರೀಕ್ಷೆ ಎಂದಿತ್ತು. ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಸೇರಿ ನೋಡುತ್ತಾರೆ, ಬುದ್ಧಿಶಕ್ತಿ ಪರೀಕ್ಷೆ ಆಗುತ್ತದೆ, ಆಮೇಲೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳ ಗುಚ್ಛ. ನಿಮ್ಮ ಮಗನಿಗೆ ಈಗ ಸರಿಯಾದ ವಯಸ್ಸು. ಅರ್ಜಿ ಹಾಕುವುದು ಸ್ವಾವಲಂಬನ್ ಪೋರ್ಟಲ್‌ನಲ್ಲಿ, ಅಲ್ಲಿಂದಲೇ ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡ್ ಬರುತ್ತದೆ.

ಹೆಸರು ಉಳಿಯುತ್ತದೆ ಎಂಬ ಭಯ ನಮ್ಮ ಮನೆಯಲ್ಲೂ ಇತ್ತು. ಆ ಕಾಗದ ನೀವು ತೋರಿಸಿದ ಕಡೆ ಮಾತ್ರ ಕೆಲಸ ಮಾಡುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಮಗಳಿಗೆ ಹೆಚ್ಚಿನ ಸಮಯ ಸಿಕ್ಕಿತು, ಗೊತ್ತಿದ್ದದ್ದನ್ನು ಪೂರ್ತಿ ಬರೆದು ಬಂದಳು. ನ್ಯೂನತೆಯ ಪ್ರಮಾಣ ಶೇ. 40 ಅಥವಾ ಮೇಲೆ ಇದ್ದರೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5, ಸರ್ಕಾರಿ ಕೆಲಸದಲ್ಲಿ ಶೇ. 4 ಮೀಸಲಾತಿಯ ವ್ಯಾಪ್ತಿಗೂ ಬರುತ್ತಾರೆ. ಹತ್ತನೇ ಕ್ಲಾಸಿನಲ್ಲಿ ಓಡಾಡೋಣ ಅಂದುಕೊಳ್ಳಬೇಡಿ. ಪರೀಕ್ಷೆಯ ವರ್ಷ ಮಂಡಳಿಗೆ ಅರ್ಜಿ ಶಾಲೆಯ ಮೂಲಕ ಹೋಗಬೇಕು, ಅಷ್ಟು ಹೊತ್ತಿಗೆ ಕಾಗದ ಕೈಯಲ್ಲಿರಬೇಕು.

ನಲಿಕಲಿ ಮೇಷ್ಟ್ರು

ಸರಸ್ವತಿಪುರಂ ಟೀಚರ್ ಹೇಳಿದ ಅಕ್ಷರಗಳ ಕ್ರಮಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಕಲಿಕಾ ಪದ್ಧತಿಯಲ್ಲಿ ಮೊದಲು ಬರುವುದು ‘ರ ಗ ಸ ದ ಅ’. ಐದೇ ಅಕ್ಷರ ಬಂದರೆ ಸಾಕು, ಮಗು ಓದಲು ಶುರುಮಾಡುತ್ತದೆ: ಸರ, ರಸ, ದರ, ಅಗಸ, ಅರಸ, ದಸರ, ಗರಗಸ. ಕಾಗುಣಿತ ಇಲ್ಲ, ಒತ್ತು ಇಲ್ಲ, ಆದರೂ ನಿಜವಾದ ಪದಗಳು. ಆಮೇಲೆ ‘ಜ ವ ಮ ಬ ನ’. ಇಲ್ಲಿ ವ, ಮ ಎರಡೂ ಜೊತೆಗೇ ಬರುತ್ತವೆ, ನಿಮ್ಮ ಮಗನಿಗೆ ಅದನ್ನು ಮಾತ್ರ ಬೇರ್ಪಡಿಸಿಕೊಳ್ಳಿ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಕೇಳಿದರೆ ಕಾರ್ಡುಗಳನ್ನು ತೋರಿಸುತ್ತಾರೆ, ನೋಡಿಕೊಂಡು ರಟ್ಟಿನಲ್ಲಿ ನೀವೇ ಮಾಡಬಹುದು.

ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಎಂದು ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಶಿಕ್ಷಕರಿರುತ್ತಾರೆ. ಖಾಸಗಿ ಶಾಲೆಯ ಮಗುವಾದರೂ ಹೋಗಿ ಮಾತಾಡಿ, ದಾರಿ ಹೇಳುತ್ತಾರೆ.

ತಿಪಟೂರಿನ ಅಮ್ಮ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ಹುಬ್ಬಳ್ಳಿ ಅಣ್ಣನ ಮಾತನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ರಾತ್ರಿ ಮಗನ ಹತ್ತಿರ ತಾವು ಆರನೇ ಕ್ಲಾಸಿನಲ್ಲಿ ಫೇಲಾಗಿದ್ದನ್ನು ಹೇಳಿದರು. ಮದುವೆಯಾದಾಗಿನಿಂದ ನನಗೇ ಹೇಳಿರಲಿಲ್ಲ. ಮೈಸೂರಿಗೆ ಹೋಗಲು ಒಪ್ಪಿದ್ದಾರೆ.

ಬಳೆ–ಬಾಳೆ ಆಟ ಆಡಿಸಿದೆ. ಟೀಚರ್ ಹೇಳಿದ್ದು ನಿಜ, ಕಣ್ಣು ಮುಚ್ಚಿಸಿ ಕೇಳಿದರೂ ಬಿಡಿ–ಬೀಡಿ ಅವನಿಗೆ ಒಂದೇ ಥರ ಕೇಳಿಸುತ್ತೆ. ಇಷ್ಟು ದಿನ ನಾನು ಅದನ್ನು ಅಕ್ಷರದ ತಪ್ಪು ಅಂದುಕೊಂಡಿದ್ದೆ. ಎರಡು ಪ್ರಶ್ನೆ ಉಳಿದಿದೆ. ಮೀಡಿಯಂ ಬದಲಾಯಿಸಬೇಕಾ? ಶಾಲೆಯಲ್ಲಿ ಏನಂತ ಕೇಳಲಿ? ಅಲ್ಲಿ ಹೋದರೆ ನನಗೆ ಮಾತೇ ಬರಲ್ಲ.

ಸರಸ್ವತಿಪುರಂ ಟೀಚರ್

ಬಿಡಿ–ಬೀಡಿ ವಿಷಯ ಓದಿ ನನಗೆ ಬೇಸರಕ್ಕಿಂತ ಸಮಾಧಾನವೇ ಆಯಿತು. ಎಲ್ಲಿಂದ ಶುರುಮಾಡಬೇಕೆಂದು ಗೊತ್ತಾಯಿತಲ್ಲ. ಸ್ವಲ್ಪ ದಿನ ಎಳೆದೆಳೆದು ಹೇಳಿ, ‘ಬೀ...ಡಿ’ ಎಂದು, ಆಮೇಲೆ ನಿಧಾನವಾಗಿ ಸಹಜಕ್ಕೆ ತನ್ನಿ. ಕಿವಿ ಪರೀಕ್ಷೆ ಮಾಡುವವರಿಗೂ ಇದನ್ನು ಹೇಳಿ.

ಮೀಡಿಯಂ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಇಂಗ್ಲಿಷ್ ಮೀಡಿಯಂನಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ, ಕನ್ನಡ ಮೀಡಿಯಂಗೆ ಹಾಕಿದರೆ ಹೋಗುವುದೂ ಇಲ್ಲ. ಆದರೆ ಇಂಗ್ಲಿಷಿನಲ್ಲಿ ಸ್ಪೆಲಿಂಗ್ ಹಟಮಾರಿ, ಒಂದೇ ಅಕ್ಷರಕ್ಕೆ ನಾಲ್ಕು ಸದ್ದು. ಅದರ ಮೇಲೆ ಅವನು ಮಾತಾಡದ ಭಾಷೆ. ಓದುವುದು ಎಂದರೆ ಏನು ಎಂಬ ಅರಿವು ತನ್ನ ಮಾತಿನಲ್ಲೇ ಮೊದಲು ಬರಲಿ, ಹಾಗಾಗಿ ಮನೆಯ ಇಪ್ಪತ್ತು ನಿಮಿಷ ಪೂರ್ತಿ ಕನ್ನಡಕ್ಕೆ ಕೊಡಿ. ಶಾಲೆ ಬದಲಿಸುವುದಾದರೆ ಮೀಡಿಯಂ ನೋಡಿ ಬದಲಿಸಬೇಡಿ, ಕಲಿಸುವವರನ್ನು ನೋಡಿ ಬದಲಿಸಿ. ಬೈಯದ, ಕಾಯುವ ಒಬ್ಬ ಟೀಚರ್ ಈಗಿನ ಶಾಲೆಯಲ್ಲೇ ಇದ್ದರೆ ಅಲ್ಲೇ ಇರಲಿ. ವರದಿ ಬರುವವರೆಗೆ ಯಾವುದನ್ನೂ ಕದಲಿಸಬೇಡಿ.

ಶಾಲೆಯಲ್ಲಿ ಮಾತಾಡುವುದು ಕಷ್ಟವೆಂದರೆ ಬರೆದು ಕೊಡಿ. ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಪತ್ರ, ದಿನಾಂಕ ಹಾಕಿ, ಒಂದು ಪ್ರತಿಗೆ ಸಹಿ ಹಾಕಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಜಗಳದ ಧಾಟಿ ಬೇಡ. ಮಗನಿಗೆ ಪರೀಕ್ಷೆ ಮಾಡಿಸುತ್ತಿದ್ದೇವೆ, ಅಲ್ಲಿಯವರೆಗೆ ಇಷ್ಟು ಸಹಕಾರ ಬೇಕು ಎಂದು ಬರೆಯಿರಿ: ಮುಂಚೆ ಹೇಳದೆ ಇಡೀ ಕ್ಲಾಸಿನ ಮುಂದೆ ಗಟ್ಟಿಯಾಗಿ ಓದಿಸಬೇಡಿ, ಓದಿಸಲೇಬೇಕೆಂದರೆ ಹಿಂದಿನ ದಿನ ಆ ನಾಲ್ಕು ಸಾಲು ತಿಳಿಸಿ, ಮನೆಯಲ್ಲಿ ತಯಾರು ಮಾಡುತ್ತೇವೆ. ಬೋರ್ಡಿನ ಮೇಲಿನದ್ದನ್ನು ಪೂರ್ತಿ ಬರೆದುಕೊಳ್ಳಲು ಆಗದಿದ್ದರೆ ಫೋಟೋ ಅಥವಾ ಜೆರಾಕ್ಸ್ ಕೊಡಿ. ಪರಿಸರ ಅಧ್ಯಯನದಲ್ಲಿ ಉತ್ತರ ಸರಿಯಿದ್ದು ಸ್ಪೆಲಿಂಗ್ ತಪ್ಪಿದ್ದರೆ ಅಂಕ ಕಳೆಯಬೇಡಿ. ಪ್ರಶ್ನೆಯನ್ನು ಒಮ್ಮೆ ಓದಿ ಹೇಳಿ. ಇವುಗಳಲ್ಲಿ ಯಾವುದಕ್ಕೂ ಶಾಲೆಗೆ ಒಂದು ರೂಪಾಯಿ ಖರ್ಚಿಲ್ಲ. ಪತ್ರದ ಕೊನೆಗೆ, ವಿಜಯನಗರದ ಅಪ್ಪ ಹೇಳಿದ ಎರಡು ಸೆಕ್ಷನ್‌ಗಳನ್ನು ಒಂದು ಸಾಲಿನಲ್ಲಿ ಸೇರಿಸಿ.

ಹೊಟ್ಟೆನೋವನ್ನು ನಾಟಕ ಎನ್ನಬೇಡಿ, ಯಾರು ಎಂದರೂ ಒಪ್ಪಬೇಡಿ. ಅದು ನಿಜವಾದ ನೋವು. ಪತ್ರ ಕೊಟ್ಟು, ಓದಿಸುವುದು ನಿಂತ ಮೇಲೆ ಕಡಿಮೆಯಾಗುತ್ತದೆಯೇ ಗಮನಿಸಿ, ಆಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಮೈಸೂರಿಗೆ ಬರುವಾಗ ಬೆಳಿಗ್ಗೆ ಬೇಗ ತಲುಪುವ ಹಾಗೆ ಹೊರಡಿ. ಒಂದೇ ದಿನದಲ್ಲಿ ಎಲ್ಲ ಪರೀಕ್ಷೆ ಮುಗಿಯುವುದಿಲ್ಲ, ಮತ್ತೆ ಬರಬೇಕಾಗಬಹುದು ಎಂದು ಯಜಮಾನರಿಗೂ ಮೊದಲೇ ಹೇಳಿರಿ. ಮಗನ ಆಧಾರ್, ಹಿಂದಿನ ವರ್ಷದ ಅಂಕಪಟ್ಟಿ, ಟೀಚರ್ ಬರೆದ ಡೈರಿ, ಕಿವಿ–ಕಣ್ಣಿನ ಹಳೆಯ ಚೀಟಿಗಳಿದ್ದರೆ ಅವು ಇರಲಿ. ನೋಟ್‌ಬುಕ್ ತರುವಾಗ ನೀವು ಪಕ್ಕದಲ್ಲಿ ಕೂತು ತಿದ್ದಿಸಿ ಬರೆಸಿದ್ದನ್ನು ತರಬೇಡಿ. ಶಾಲೆಯಲ್ಲಿ ಅವನೊಬ್ಬನೇ ಬರೆದ, ಅರ್ಧಕ್ಕೆ ನಿಂತ ಪುಟಗಳು ಬೇಕು. ನೋಡುವವರಿಗೆ ಗಂಟು ಎಲ್ಲಿದೆ ಎಂದು ಹೇಳುವುದು ಅವೇ.